ಎಡಗೈ ಬಿಟ್ಟ ಜಾಗದಲ್ಲಿ ಇಬ್ಬರು ಓರಗಿತ್ತಿಯರು

ಬೆಳಕು ಹರಿಯುವ ಮುಂಚೆಯೇ ಶಾಲೆಯ ಸಭಾಂಗಣದ ನೆಲ ಒರೆಸಿಯಾಗಿದೆ. ಒಳಗಿನಿಂದ ಬಾಗಿಲ ಕಡೆಗೆ ಒರೆಸಿಕೊಂಡು ಬರುವುದು ಎಲ್ಲರ ಪದ್ಧತಿ. ಇಲ್ಲಿ ನೆಲ ಒರೆಸುವ ಅಕ್ಕ ಮಾತ್ರ ಬಾಗಿಲಿನಿಂದ ಶುರುಮಾಡಿ ಪಿಯಾನೋ ಇರುವ ಮೂಲೆಯಲ್ಲಿ ಮುಗಿಸುತ್ತಾರೆ. ಒದ್ದೆ ನೆಲ ತುಳಿಯುವಂತಿಲ್ಲವಲ್ಲ. ಬೇರೆ ದಾರಿ ಕಾಣದವರಂತೆ ಸ್ಟೂಲಿನ ಮೇಲೆ ಕೂತು, ನೆಲ ಆರುವವರೆಗೆ ಜಾಝ್ ನುಡಿಸುತ್ತಾರೆ. "ಮಳೆಗಾಲದಲ್ಲಿ ಅಭ್ಯಾಸ ಜಾಸ್ತಿ ಆಗತ್ತೆ," ಎನ್ನುವಾಗ ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

ಅಕ್ಕನ ಅಪ್ಪ ಪಿಯಾನೋ ರಿಪೇರಿ ಮಾಡುತ್ತಿದ್ದರು. ರಿಪೇರಿಯಾದದ್ದನ್ನು ನುಡಿಸಿ ನೋಡುವ ಕೆಲಸ ಮಗಳದು. ಪಕ್ಕದಲ್ಲಿ ಬಾಸ್ ಎಂಬ ಆಳೆತ್ತರದ ತಂತಿವಾದ್ಯ ತಬ್ಬಿ ನಿಂತವರು ಅವರ ಓರಗಿತ್ತಿ. ಬೇಕರಿ ವ್ಯಾನ್ ಓಡಿಸುವ ಅವರು ಬಾಸನ್ನು ಬ್ರೆಡ್ಡಿನ ಟ್ರೇಗಳ ಮೇಲೆ ಮಲಗಿಸಿಕೊಂಡು ತರುತ್ತಾರೆ.

"ಅಡುಗೆಮನೇಲಿ ಜಗಳ ಆಡಿ ಆಡಿ, ಇವಳು ಎಲ್ಲಿ ಬಾಯಿ ಹಾಕ್ತಾಳೆ ಅಂತ ಮೊದಲೇ ಗೊತ್ತಾಗತ್ತೆ," ಎನ್ನುತ್ತಾರೆ ಅಕ್ಕ.

"ಗೊತ್ತಾದ್ರೂ ಜಾಗ ಬಿಡಲ್ಲ," ಎನ್ನುತ್ತಾರೆ ಚಿಕ್ಕವರು.

ಇಬ್ಬರೂ ಹಿಡಿದು ಕೂತಿರುವುದು ಎಂದೋ ತೀರಿಕೊಂಡ ಒಬ್ಬ ಪಿಯಾನೋ ವಾದಕಿಯ ರಚನೆಗಳನ್ನು. ಹೆಂಗಸರು ಬೇಕಾದರೆ ಮೈಕಿನ ಮುಂದೆ ಹಾಡಲಿ, ಗಂಡಸರಿಗೆ 'ಈಗ ಶುರುಮಾಡಿ' ಎನ್ನುವುದು ಬೇಡ ಎಂಬ ಕಾಲದಲ್ಲಿ ತಂಡವನ್ನೇ ನಡೆಸಿದಾಕೆ. ಉಳಿದಿರುವುದು ಕೆಲವು ಸವೆದ ರೆಕಾರ್ಡುಗಳು. ಎಲ್ಲದರಲ್ಲೂ ನಡುವೆ ಎಡಗೈ ಸುಮ್ಮನಾಗಿಬಿಡುತ್ತದೆ. ಬಲಗೈ ಒಂಟಿಯಾಗಿ ಸಾಗುತ್ತದೆ.

ಖಾಲಿ ಜಾಗ ಕಂಡ ಬಾಸ್ ಸುಮ್ಮನಿದ್ದೀತೇ? ಪುರಭವನದ ಸಂಗೀತ ಕಛೇರಿಯಲ್ಲಿ ಆ ರಚನೆಗಳನ್ನು ನುಡಿಸಲು ಒಪ್ಪಿಗೆ ಕೇಳಿ ವಾದಕಿಯ ಮಗಳ ಮುಂದೆ ನುಡಿಸಿದ ದಿನ, ಚಿಕ್ಕವರು ತಮ್ಮ ಬತ್ತಳಿಕೆಯನ್ನೆಲ್ಲ ಆ ಖಾಲಿ ಜಾಗಕ್ಕೆ ಸುರಿದರು. ನಿವೃತ್ತ ನರ್ಸ್ ಆದ ಆ ಮಗಳು ಕೈಚೀಲ ಎತ್ತಿಕೊಂಡರು. "ಅಮ್ಮನೇ ಹೇಳಿದ್ಲು. ರೆಕಾರ್ಡ್ ಮಾಡೋವಾಗ ನಾನು ಎಳೆಕೂಸು, ಪಕ್ಕದಲ್ಲೇ ಬುಟ್ಟೀಲಿದ್ದೆ. ಅತ್ತರೆ ಎಲ್ಲ ಹಾಳು ಅಂತ ಎಡಗೈಲಿ ತೂಗ್ತಿದ್ಲು. ನೀವು ಅಲ್ಲಿ ಸಂತೆ ನೆರೆಸ್ತೀರಲ್ಲ." ಹೊರಟೇಹೋದರು. ಅವರ ಒಪ್ಪಿಗೆಯಿಲ್ಲದೆ ಕಛೇರಿಯಿಲ್ಲ.

ವಾಪಸಾಗುವಾಗ ವ್ಯಾನಿನಲ್ಲಿ ಅಕ್ಕ ಹೇಳಿದರು: "ನಿನ್ನ ಮಗಳನ್ನ ನಾನೆಷ್ಟು ತೂಗಿಲ್ಲ. ಒಲೆ ಮುಂದೆ ನೀನು, ತೊಟ್ಟಿಲ ಹತ್ರ ನಾನು. ಪಾಪ, ಆ ತಾಯಿಗೊಬ್ಬ ಓರಗಿತ್ತಿ ಇರ್ಲಿಲ್ಲ, ಅಷ್ಟೆ. ಆ ಜಾಗದಲ್ಲಿ ನೀನು ಬಾಸಲ್ಲಿ ತೂಗು. ಅವರ ಎಡಗೈ ನಾನು ನುಡಿಸ್ತೀನಿ."

ಬ್ರೆಡ್ ಕೊಡುವ ನೆಪದಲ್ಲಿ ಚಿಕ್ಕವರು ಬಾಗಿಲು ತಟ್ಟಿ ತಟ್ಟಿ, ವಾದಕಿಯ ಮಗಳನ್ನು ಇಂದು ಮತ್ತೆ ಕರೆತಂದಿದ್ದಾರೆ. ಪಿಯಾನೋ ಪಕ್ಕ ಕುರ್ಚಿ, ಸುತ್ತ ಒದ್ದೆ ನೆಲ. ಈ ಸಲ ಎದ್ದು ಹೋಗುವ ಹಾಗಿಲ್ಲ. ಅಕ್ಕ ಯೋಚಿಸಿಯೇ ಒರೆಸಿದ್ದಾರೆ.

ಆ ಜಾಗ ಬರುತ್ತದೆ. ಬಾಸ್ ಎರಡೇ ಸ್ವರಗಳ ನಡುವೆ ಅತ್ತ ಇತ್ತ ತೂಗುತ್ತದೆ. ಅದರ ಮೇಲೆ ಅಕ್ಕನ ಎಡಗೈ, ರೆಕಾರ್ಡಿನಲ್ಲಿ ಯಾರೂ ಕೇಳದ ಎಡಗೈ, ಮೆಟ್ಟಿಲು ಹತ್ತಿ, ತಿರುಗಿ, ಬಲಗೈಯನ್ನು ಕೆಣಕಿ ಕುಣಿಸುತ್ತದೆ. ಬುಟ್ಟಿಯಲ್ಲಿದ್ದ ಮಗಳು, ಈಗ ತಲೆ ನೆರೆತವರು, ಕೂತಲ್ಲೇ ತೂಗುತ್ತಿದ್ದಾರೆ.

"ಅಮ್ಮನಿಗೆ ಎರಡೂ ಕೈ ಇವತ್ತು ಬಿಡುವಾಯ್ತು ನೋಡಿ," ಎನ್ನುತ್ತಾರೆ. ಆಮೇಲೆ ನರ್ಸಿನ ಗತ್ತಿನಲ್ಲಿ, "ಶನಿವಾರದ ಕಛೇರೀಲಿ ಮುಂದಿನ ಸಾಲಲ್ಲಿ ನಂಗೊಂದು ಕುರ್ಚಿ. ಈಗ ಇನ್ನೊಂದ್ಸಲ ನುಡಿಸಿ."

ಮಧ್ಯಾಹ್ನವೇ ಪುರಭವನದಿಂದ ಫೋನು: ಪೋಸ್ಟರಿನಲ್ಲಿ ಹೆಸರು ಹೇಗೆ ಹಾಕಬೇಕು? ಅಕ್ಕ ಬಕೆಟ್ ಕೆಳಗಿಟ್ಟು ಹೇಳುತ್ತಾರೆ: "ಆ ತಾಯಿ ಹೆಸರು ಮೇಲಿರ್ಲಿ, ನಮ್ಮದು ಕೆಳಗೆ. ಅಕ್ಷರ ಮಾತ್ರ ಮೂವರದೂ ಒಂದೇ ಅಳತೆ ಇರ್ಲಿ."