ರಟ್ಟಿಗೆ ಮರುಳಾಗದ ಬೈಂಡರಕ್ಕ

ಬೆಳಿಗ್ಗೆ ಆರೂಕಾಲು. ಗ್ರಂಥಾಲಯದ ಮುಂಬಾಗಿಲು ತೆರೆಯಲು ಇನ್ನೂ ಮೂರು ಗಂಟೆ ಇದೆ. ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಿಟಕಿ ಪಕ್ಕದ ಉದ್ದನೆಯ ಬೆಂಚಿನ ಮೇಲೆ ಬೆನ್ನು ಮುರಿದುಕೊಂಡ ಹನ್ನೊಂದು ಪುಸ್ತಕಗಳು ಸಾಲಾಗಿ ಮಲಗಿವೆ. ಅವುಗಳ ಮುಂದೆ ಕೂತಿರುವ ಹೆಂಗಸು ದಾರವನ್ನು ಮೇಣದ ಉಂಡೆಯ ಮೇಲೆ ಎಳೆದು, ಒಂದು ಕಣ್ಣು ಮುಚ್ಚಿ, ದಬ್ಬಳಕ್ಕೆ ಪೋಣಿಸುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತು ನಮಸ್ಕಾರ ಅನ್ನುತ್ತೇನೆ. ಅವರು ತಲೆಯನ್ನೂ ಎತ್ತುವುದಿಲ್ಲ. "ಬನ್ನಿ, ಕೂತ್ಕೊಳ್ಳಿ. ಫ್ಯಾನ್ ಮಾತ್ರ ಹಾಕ್ಬೇಡಿ, ಹಾಳೆ ಹಾರ್ತವೆ." ಸ್ವಾಗತ ಅಷ್ಟಕ್ಕೇ ಮುಗಿಯುತ್ತದೆ.

ಇಲ್ಲಿ ಎಲ್ಲರಿಗೂ ಇವರು ಬೈಂಡರಕ್ಕ. ವಯಸ್ಸು ಐವತ್ತಾರು. ಇಪ್ಪತ್ತೆಂಟು ವರ್ಷದಿಂದ ಇದೇ ಕೋಣೆ, ಇದೇ ಬೆಂಚು. ದಿನಕ್ಕೆ ಹತ್ತು ಹನ್ನೊಂದು ಪುಸ್ತಕ ಇವರ ಕೈ ದಾಟಿ ಮತ್ತೆ ಕಪಾಟು ಸೇರುತ್ತವೆ. ಕೆಲಸ ಕಲಿತದ್ದು ಸೋದರಮಾವನ ಹತ್ತಿರ. ಮಾವನ ಚಿಕ್ಕ ಪ್ರೆಸ್ಸಿನಲ್ಲಿ ಮೊದಲ ಎರಡು ವರ್ಷ ಹಾಳೆ ಮಡಚುವುದು ಬಿಟ್ಟರೆ ಬೇರೇನೂ ಮುಟ್ಟಲು ಬಿಡಲಿಲ್ಲವಂತೆ. "ಒಂದು ಕೂದಲೆಳೆ ಸೊಟ್ಟ ಆದ್ರೂ ಕಿವಿ ಹಿಂಡ್ತಿದ್ರು. ನೋಡಿ, ಈ ಕಿವಿ ಇನ್ನೂ ಸ್ವಲ್ಪ ಉದ್ದ ಇಲ್ವಾ?" ಎಂದು ಎಡಗಿವಿ ತೋರಿಸಿ ನಗುತ್ತಾರೆ. ನನಗೇನೋ ಎರಡೂ ಒಂದೇ ಥರ ಕಂಡವು, ಹೌದು ಅಂದೆ.

ಪುಸ್ತಕ ಹರಿಯುವುದು ಎಷ್ಟು ಬಗೆ ಅಂತ ಕೇಳಬೇಡಿ. ಕೆಲವರು ಉಗುಳು ಹಚ್ಚಿ ಪುಟ ತಿರುವುತ್ತಾರೆ. ಕೆಲವರು ಊಟದ ತಟ್ಟೆ ಪಕ್ಕದಲ್ಲಿಟ್ಟು ಓದುತ್ತಾರೆ. ಗುರುತಿಗೆಂದು ಒಳಗೆ ಸಿಕ್ಕಿಸಿ ಮರೆತ ಸಾಮಾನುಗಳಿಗೇ ಒಂದು ಡಬ್ಬ ಇಟ್ಟಿದ್ದಾರೆ: ಬಸ್ ಟಿಕೆಟ್ಟು, ಹೇರ್‌ಪಿನ್ನು, ಬಾಚಣಿಗೆಯ ಅರ್ಧ ತುಂಡು, ಯಾರದೋ ಎಕ್ಸ್‌ರೇ. ನಾನು ಪುಟದ ಮೂಲೆ ಮಡಚುವ ಜಾತಿಯವನು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. "ಓದಿದೋರು ನೀವು, ನೀವೇ ಹಿಂಗೆ ಮಾಡಿದ್ರೆ?" ಅಂದರು. ಆಮೇಲೆ ಹತ್ತು ನಿಮಿಷ ನನ್ನ ಕಡೆ ನೋಡಲಿಲ್ಲ.

ಆದರೆ ಈ ಕೋಣೆಗೆ ಅತಿ ಹೆಚ್ಚು ಕೆಲಸ ಕೊಡುವುದು ಒಂದೇ ಕಥೆ. ಡ್ರ್ಯಾಗನ್ನು, ಮಾತಾಡುವ ನದಿ, ಕತ್ತಿ ಹಿಡಿದ ರಾಜಕುಮಾರಿ ಇರುವ ಮಾಯಾಲೋಕದ ಕಾದಂಬರಿ. ಮೊದಲ ಮೂರು ಭಾಗ ಈಗಾಗಲೇ ಇಲ್ಲಿವೆ, ಒಂದಕ್ಕಿಂತ ಒಂದು ದಪ್ಪ. ಇಲ್ಲಿಯ ಸಿಬ್ಬಂದಿ ಅದಕ್ಕೆ ಇಟ್ಟ ಹೆಸರು 'ದಪ್ಪಣ್ಣ'. ಮಕ್ಕಳೂ ಓದುತ್ತಾರೆ, ಅಜ್ಜಂದಿರೂ ಓದುತ್ತಾರೆ, ಆರು ತಿಂಗಳಿಗೆ ಸರಿಯಾಗಿ ದಪ್ಪಣ್ಣ ಬೆನ್ನು ಬಿಟ್ಟುಕೊಂಡು ಬೈಂಡರಕ್ಕನ ಬೆಂಚಿಗೆ ಬಂದು ಬೀಳುತ್ತಾನೆ.

ಇದೇ ದಪ್ಪಣ್ಣನಿಂದ ಇವರು ಒಮ್ಮೆ ಮಾನ ಕಳೆದುಕೊಂಡದ್ದೂ ಉಂಟು. ಇಂಥ ಪುಸ್ತಕಗಳಲ್ಲಿ ಕಥೆಗೆ ಮುಂಚೆ ಆ ಲೋಕದ ಒಂದು ನಕ್ಷೆ ಇರುತ್ತದೆ, ಎದುರುಬದುರು ಎರಡು ಪುಟ ತುಂಬ. ಬೈಂಡರಕ್ಕ ಗಟ್ಟಿಯಾಗಿರಲಿ ಅಂತ ಹೊಲಿಗೆಯನ್ನು ಒಳಕ್ಕೆ ತಗೊಂಡರು, ಅಂಚು ಹರಿದಿದೆ ಅಂತ ಒಂದು ಬೆರಳಷ್ಟು ಕತ್ತರಿಸಿದರು. ವಾರದೊಳಗೆ ಕೌಂಟರಿನಲ್ಲಿ ಗಲಾಟೆ. "ರಾಜಧಾನಿ ಹೊಲಿಗೆ ಒಳಗೆ ಹೋಗಿಬಿಟ್ಟಿದೆ, ಉತ್ತರದ ಬೆಟ್ಟಗಳು ಕಸದ ಬುಟ್ಟಿ ಸೇರಿವೆ, ಈಗ ಸೈನ್ಯ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಹೇಗೆ ತಿಳ್ಕೊಳ್ಳೋದು?" ಎಂದು ಓದುಗರೊಬ್ಬರು ಮೇಜು ಗುದ್ದಿದರಂತೆ. "ಅಯ್ಯೋ, ನಾಚಿಕೆಯಿಂದ ಸತ್ತೇ ಹೋದೆ" ಅನ್ನುತ್ತಾರೆ ಅಕ್ಕ. ಅಂದಿನಿಂದ ನಕ್ಷೆ ಇರುವ ಪುಸ್ತಕ ಬಂದರೆ ಅದರ ನಡುವೆ ತೆಳು ಬಟ್ಟೆಯ ಪಟ್ಟಿ ಅಂಟಿಸಿ, ಪೂರ್ತಿ ಬಿಚ್ಚಿಕೊಳ್ಳುವ ಹಾಗೆ ಮಾಡುತ್ತಾರೆ. ಅದಕ್ಕೆ ಅರ್ಧ ದಿನ ಹೆಚ್ಚಿಗೆ ಹಿಡಿಯುತ್ತದೆ, ಹಿಡಿಯಲಿ ಬಿಡಿ ಎನ್ನುತ್ತಾರೆ.

ಮೇಜು ಗುದ್ದಿದ ಆ ಓದುಗರು ನಿವೃತ್ತ ಬಸ್ ಕಂಡಕ್ಟರ್. ಎಪ್ಪತ್ತರ ಮೇಲೆ ವಯಸ್ಸು. ಈಗ ಅಕ್ಕನ ದೊಡ್ಡ ಅಭಿಮಾನಿ.

ಈ ವಾರ ದಪ್ಪಣ್ಣನ ನಾಲ್ಕನೇ ಭಾಗ ಬಂದಿದೆ. ಒಂಬೈನೂರ ಹನ್ನೆರಡು ಪುಟ. ಗ್ರಂಥಾಲಯಕ್ಕೆ ಆರು ಪ್ರತಿ ಬೇಕು. ಹಾರ್ಡ್‌ಕವರ್ ತರಿಸಬೇಕೋ, ಪೇಪರ್‌ಬ್ಯಾಕ್ ತರಿಸಬೇಕೋ? ಹೊರಗಿನವರಿಗೆ ಇದೇನು ಮಹಾ ಪ್ರಶ್ನೆ ಅನ್ನಿಸಬಹುದು. ಈ ಕೋಣೆಗೆ ಇದು ಉಳಿವಿನ ಪ್ರಶ್ನೆ.

ಯಾಕೆಂದರೆ ಹಿಂದಿನ ಮೂರೂ ಸಲ ಬೈಂಡರಕ್ಕ ಕೊಟ್ಟ ಸಲಹೆ ಒಂದೇ: ಪೇಪರ್‌ಬ್ಯಾಕ್ ತಗೊಳ್ಳಿ. "ರಟ್ಟು ನೋಡಿ ಮರುಳಾಗ್ಬೇಡಿ. ಹೊರಗೆ ಗಟ್ಟಿ ರಟ್ಟು, ಒಳಗೆ ಬರೀ ಅಂಟು. ಕೋಟು ಹಾಕ್ಕೊಂಡ ತಕ್ಷಣ ಸೊಂಟ ನೆಟ್ಟಗಾಗಲ್ಲ" ಎಂದು ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅದು ನಿಜವೂ ಆಗಿತ್ತು. ಅಂಟು ಒಣಗಿದರೆ ಹಾಳೆಗಳು ಕಂತೆಕಂತೆಯಾಗಿ ಕಳಚುತ್ತವೆ, ಮೇಲೆ ರಟ್ಟಿದ್ದರೆಷ್ಟು ಬಿಟ್ಟರೆಷ್ಟು. ಹಾಗಾಗಿ ತೆಳು ಹೊದಿಕೆಯ ಪ್ರತಿ ತರಿಸುವುದು, ಅದು ಬೆನ್ನು ಬಿಟ್ಟಾಗ ಅಕ್ಕ ದಾರ ಹಾಕಿ ರಟ್ಟು ಕಟ್ಟುವುದು, ಇದು ಇಲ್ಲಿಯ ಪದ್ಧತಿಯಾಯಿತು. ಪದ್ಧತಿ ಇದ್ದಷ್ಟು ದಿನ ಕೋಣೆಯೂ ಇತ್ತು.

ಈಗ ಆಡಳಿತ ಸಮಿತಿಯ ಕಣ್ಣು ಈ ಕೋಣೆಯ ಮೇಲೆ ಬಿದ್ದಿದೆ. ಹಾರ್ಡ್‌ಕವರ್ ತಾಳುತ್ತದೆ ಎಂದಾದರೆ ಇನ್ನು ಮುಂದೆ ದಪ್ಪ ಪುಸ್ತಕಗಳನ್ನೆಲ್ಲ ಅದರಲ್ಲೇ ತರಿಸುವುದು, ಬೈಂಡಿಂಗ್ ನಿಲ್ಲಿಸಿ ಇಲ್ಲಿ ಓದುಗರಿಗೆ ಕುರ್ಚಿ ಹಾಕುವುದು ಎಂದು ಅದು ಹೇಳಿದೆ. ತಾಳುತ್ತದೋ ಇಲ್ಲವೋ ಎಂದು ಹೇಳಬೇಕಾದವರು ಮತ್ಯಾರು? ಬೈಂಡರಕ್ಕನೇ.

ಎರಡೂ ಬಗೆಯ ಒಂದೊಂದು ಮಾದರಿ ಪ್ರತಿ ಬಂದದ್ದು ಸೋಮವಾರ. ಪುಸ್ತಕದ ಒಳಗುಟ್ಟು ತಿಳಿಯಲು ಅಕ್ಕನದು ಒಂದು ಕ್ರಮ. ನಡುಮಧ್ಯಕ್ಕೆ ತೆರೆದು, ಎರಡೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಆಮೇಲೆ ತಲೆಕೆಳಗು ಮಾಡಿ ಬೆನ್ನಿನ ಸಂದಿನಲ್ಲಿ ಇಣುಕುತ್ತಾರೆ. ಪೇಪರ್‌ಬ್ಯಾಕಿನಲ್ಲಿ ಎಂದಿನಂತೆ ಅಂಟು. ಹಾರ್ಡ್‌ಕವರ್ ತೆರೆದಾಗ ಮಾತ್ರ ಹಾಳೆಗಳ ನಡುವೆ ಬಿಳಿ ದಾರ ಕಾಣಿಸಿತು. ಹದಿನಾರು ಪುಟದ ಮಡಿಕೆಗೆ ಬೈಂಡರುಗಳು ಫಾರಂ ಅನ್ನುತ್ತಾರೆ. ಎಣಿಸಿದರೆ ಐವತ್ತೇಳು ಫಾರಂ, ಐವತ್ತೇಳಕ್ಕೂ ಹೊಲಿಗೆ. ನಕ್ಷೆಗೂ ಬೇರೆಯೇ ಪಟ್ಟಿ ಕೊಟ್ಟು ಕೂರಿಸಿದ್ದರು.

"ಎದೆ ಧಸಕ್ ಅಂತು ನೋಡಿ. ಒಂದ್ಕಡೆ ಭೇಷ್ ಅನ್ನಿಸ್ತು, ಯಾರೋ ಪುಣ್ಯಾತ್ಮರು ಚೆನ್ನಾಗಿ ಮಾಡಿದಾರೆ. ಇನ್ನೊಂದ್ಕಡೆ ಹೊಟ್ಟೆ ಉರೀತು. ಯಾಕಪ್ಪಾ ಇಷ್ಟು ಚೆನ್ನಾಗಿ ಮಾಡಿದ್ರಿ ಅಂತ."

ಅಕ್ಕನ ಗಂಡ ದರ್ಜಿ. ಕಣ್ಣಿಗೆ ಪೊರೆ ಬಂದ ಮೇಲೆ ಅವರ ಹೊಲಿಗೆ ಯಂತ್ರ ಹೆಚ್ಚುಕಡಿಮೆ ನಿಂತೇ ಹೋಗಿದೆ, ಮನೆ ನಡೆಯುವುದು ಈ ಕೋಣೆಯಿಂದ. ಸೋಮವಾರ ಸಂಜೆ ವಿಷಯ ಹೇಳಿದಾಗ ಅವರು "ಒಳಗೆ ದಾರ ಇದೆಯೋ ಅಂಟು ಇದೆಯೋ ಅಂತ ಯಾರು ಇಣುಕಿ ನೋಡ್ತಾರೆ? ಹೋದ ಸಲ ಹೇಳಿದ್ದೇ ಈ ಸಲಾನೂ ಹೇಳ್ಬಿಡು, ಮುಗೀತು" ಅಂದರಂತೆ. ಎರಡು ದಿನ ಇಬ್ಬರೂ ಆ ಮಾತು ಎತ್ತಲಿಲ್ಲ.

ನಾನು ಹೋದದ್ದು ಗುರುವಾರ, ಉತ್ತರ ಕೊಡಬೇಕಾದ ದಿನ. ಒಂಬತ್ತಕ್ಕೆ ಗ್ರಂಥಪಾಲಕಿ ಕೋಣೆಗೆ ಬರುತ್ತಾರೆ. ವಯಸ್ಸಿನಲ್ಲಿ ಅಕ್ಕನಿಗಿಂತ ಬಹಳ ಚಿಕ್ಕವರು, ಕೈಯಲ್ಲಿ ಆರ್ಡರ್ ಪುಸ್ತಕ.

"ಏನಕ್ಕಾ, ಈ ಸಲಾನೂ ಪೇಪರ್‌ಬ್ಯಾಕ್ ತಾನೇ? ಬರ್ಕೊಳ್ಲಾ?"

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ಗಟ್ಟಿ ರಟ್ಟಿನ ಪ್ರತಿಯನ್ನು ತೆರೆದು ಅವರ ಮುಂದೆ ಹಿಡಿಯುತ್ತಾರೆ. "ಇಲ್ಲಿ ನೋಡಿ ಮೇಡಂ, ದಾರ. ನಾನು ಕಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಬರಲ್ಲ. ಇದನ್ನೇ ತರಿಸಿ."

ಗ್ರಂಥಪಾಲಕಿ ಪೆನ್ನು ಎತ್ತಿದವರು ಅಲ್ಲೇ ನಿಲ್ಲಿಸುತ್ತಾರೆ. "ಅಕ್ಕಾ, ನಾನು ಇದನ್ನ ಬರೆದ್ರೆ ಸಮಿತಿಯೋರು ಏನ್ಮಾಡ್ತಾರೆ ಗೊತ್ತಲ್ವಾ?"

"ಗೊತ್ತು. ಐದು ಬರ್ಕೊಳ್ಳಿ. ಆರನೇದು ಮಾತ್ರ ಪೇಪರ್‌ಬ್ಯಾಕ್ ಇರ್ಲಿ. ನಮ್ಮ ಕಂಡಕ್ಟರಿಗೆ ಮಣಿಕಟ್ಟು ನಡುಗುತ್ತೆ, ಇಷ್ಟು ಭಾರ ಎತ್ತಿ ಓದೋಕಾಗಲ್ಲ. ಅದನ್ನ ಎರಡು ಭಾಗ ಮಾಡಿ ತೆಳ್ಳಗೆ ಕಟ್ಟಿಕೊಡ್ತೀನಿ. ನಕ್ಷೆ ಎರಡಕ್ಕೂ ಬೇಕು, ಒಂದು ಜೆರಾಕ್ಸ್ ಮಾಡಿಸಿಕೊಡಿ."

ಗ್ರಂಥಪಾಲಕಿ ಬರೆದುಕೊಳ್ಳುತ್ತಾರೆ. ಅವರ ಕಣ್ಣು ತುಂಬಿರುವುದು ನನಗೆ ಕಾಣುತ್ತದೆ. ಬಾಕಿ ಬಿದ್ದ ಪುಸ್ತಕಗಳು ಮುಗಿಯುವವರೆಗೆ, ಅಂದರೆ ಮೂರು ತಿಂಗಳು, ಕೋಣೆ ಇರುತ್ತದೆ. ಆಮೇಲೆ ಅಕ್ಕನಿಗೆ ಕೌಂಟರಿನಲ್ಲಿ ಏನಾದರೂ ಕೆಲಸ ಕೊಡಿಸಲು ಪ್ರಯತ್ನಿಸುತ್ತೇನೆ, ಖಂಡಿತ ಅಂತ ಹೇಳಲಾರೆ ಎಂದು ಅವರು ಹೊರಗೆ ಬಂದು ನನಗೆ ಹೇಳಿದರು.

ನಾನು ವಾಪಸ್ ಒಳಗೆ ಹೋದಾಗ ಅಕ್ಕ ಮುಂದಿನ ಪುಸ್ತಕದ ಹಳೆಯ ಅಂಟು ಕೆರೆಯುತ್ತಿದ್ದರು. ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

"ಆಯ್ತು. ಆಗದೆ ಇರುತ್ತಾ?" ಅಂದರು. ಕೆರೆಯುವುದು ನಿಲ್ಲಿಸಿದರು. "ಆದ್ರೆ ನೋಡಿ, ಇಷ್ಟು ವರ್ಷ ನಾನು ಅಂಟು ಅಂದ್ರೆ ಅಂಟು ಅಂತ ಇವ್ರೆಲ್ಲ ನಂಬಿದ್ರು. ಇವತ್ತು ದಾರ ಇದ್ದೂ ಅಂಟು ಅಂತ ಹೇಳಿದ್ರೆ, ಆವತ್ತೆಲ್ಲ ಹೇಳಿದ್ದೂ ನನ್ನ ಹೊಟ್ಟೆಪಾಡಿಗೇ ಅಂತ ಆಗ್ಬಿಡಲ್ವಾ?"