ಉಂಡ ಮೇಲೆ ಸಾಲ ಕೇಳುವುದು ಹೇಗೆ?

ಹೋದ ಮಂಗಳವಾರ ನಾನು ನನ್ನ ಮಗಳ ಮನೆಯ ಜಗಲಿ ಮೇಲೆ ನಾಲ್ಕು ಗಂಟೆ ಹೊತ್ತು ಕೂತಿದ್ದೆ. ಒಂದು ಹನಿ ನೀರು ಮುಟ್ಟಿರಲಿಲ್ಲ. ಎದುರಿಗೆ ನನ್ನ ಬೀಗತಿ ಓಬಕ್ಕ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು. ಒಳಗಿನಿಂದ ಹೋಳಿಗೆ ವಾಸನೆ ಬರುತ್ತಿತ್ತು.

ಜಗಳವಾ? ಅಲ್ಲ. ಹರಕೆಯಾ? ಅದೂ ಅಲ್ಲ. ಸಾಲ ವಸೂಲಿ.

ಚಳ್ಳಕೆರೆ ಸೀಮೆಯ ನಮ್ಮೂರಿನ ಹೆಂಗಸರ ಸಂಘಕ್ಕೆ ಒಂದು ಶೇಂಗಾ ಬಿಡಿಸುವ ಮಿಷನ್ ಇದೆ. ಕರೆಂಟು ಬೇಡ. ತೊಟ್ಟಿಲಿನ ಹಾಗೆ ಒಂದು ಕಬ್ಬಿಣದ ತೊಟ್ಟಿ, ಅದಕ್ಕೊಂದು ಹಿಡಿ. ಕಾಯಿ ಸುರಿದು ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಸಿಪ್ಪೆ ಒಡೆದು ಬೀಜ ಕೆಳಗೆ ಉದುರುತ್ತದೆ. ನಾನು ಸಂಘದ ಅಧ್ಯಕ್ಷೆ. (ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ.)

ಓಬಕ್ಕನ ಊರು ಮೊಳಕಾಲ್ಮೂರು ಕಡೆ. ಅಲ್ಲೂ ಒಂದು ಹೆಂಗಸರ ಸಂಘ ಇದೆ. ಹೋದ ವರ್ಷ ಅವರು ಬಂದು "ಹದಿನೈದು ದಿನ ಕೊಡ್ರಿ, ನಮ್ಮ ಬೀಜ ಬಿಡಿಸ್ಕಂಡು ತಂದು ಕೊಡ್ತೀವಿ" ಅಂದರು. ಮಗಳನ್ನು ಕೊಟ್ಟ ಊರು. ಇಲ್ಲ ಅನ್ನುವುದಕ್ಕೆ ಬಾಯಿ ಬರುತ್ತಾ? ಕೊಟ್ಟೆವು. ಆ ಹದಿನೈದು ದಿನ ಹೋದ ಮಂಗಳವಾರದವರೆಗೂ ಮುಗಿದಿರಲಿಲ್ಲ.

ಈ ವರ್ಷದ ಬಿತ್ತನೆ ಹತ್ತಿರ ಬಂದಿತ್ತು. ಬಿತ್ತನೆ ಬೀಜವನ್ನು ಮೊದಲೇ ಬಿಡಿಸಿ ಇಟ್ಟುಕೊಳ್ಳುವ ಹಾಗಿಲ್ಲ, ಕೆಡುತ್ತದೆ. ಹದ ಮಳೆ ಬಂತು ಅಂದರೆ ಕೈಯಲ್ಲಿ ಇರುವುದು ಮೂರೋ ನಾಲ್ಕೋ ದಿನ. ಅಷ್ಟರಲ್ಲಿ ಊರಿನ ಮನೆಮನೆಯ ಚೀಲಗಳನ್ನು ಬಿಡಿಸಬೇಕು. ಮಿಷನ್ ಇಲ್ಲದಿದ್ದರೆ ಹೆಂಗಸರ ಹೆಬ್ಬೆರಳೇ ಮಿಷನ್. ಸಂಘದ ಹೆಂಗಸರು ನನ್ನ ಮನೆ ಮುಂದೆ ಬಂದು ನಿಂತರು. "ನಿಮ್ಮ ಬೀಗ್ರು, ನೀವೇ ತರ್ರಿ" ಅಂದರು. ನ್ಯಾಯವೇ.

ಹೊರಟೆ. ಜೊತೆಗೆ ಮಗನ ಮಗಳು ಮಮತಾ. ಅವಳು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾಳೆ, ಬಸ್ಸಿನಲ್ಲೂ ಪುಸ್ತಕ ಬಿಡುವುದಿಲ್ಲ. ಚಳ್ಳಕೆರೆಯಲ್ಲಿ ಪ್ರೈವೇಟ್ ಬಸ್ ಹತ್ತಿ ಕೂತ ತಕ್ಷಣ ಓದುವುದಕ್ಕೆ ಶುರು ಮಾಡಿದಳು.

"ಏನೇ ಅದು?" ಅಂದೆ.

"ಬೇರೆ ದೇಶಗಳಿಗೆ ಸರ್ಕಾರ ಕೊಟ್ಟಿರೋ ಸಾಲ ಅಜ್ಜಿ. ಅಭಿವೃದ್ಧಿ ಹೊಂದುತ್ತಿರೋ ದೇಶಗಳಿಗೆ."

"ಅಂದ್ರೆ ಬಡ ದೇಶ."

"ಹಂಗನ್ನಬಾರ್ದು ಅಜ್ಜಿ."

ಅನ್ನಬಾರದಂತೆ. ಸಾಲ ತೀರಿಸದವರಿಗೆ ಯಾವಾಗಲೂ ಒಂದು ಒಳ್ಳೆಯ ಹೆಸರು ಇರುತ್ತದೆ, ನೀವು ಗಮನಿಸಿದ್ದೀರಾ?

"ನಮ್ಮ ದೇಶಾನೂ ಸಾಲ ಕೊಟ್ಟೈತಾ?"

"ಕೊಟ್ಟೈತೆ. ರಸ್ತೆ ಮಾಡ್ಕಳ್ಳಿ, ರೈಲು ಹಾಕ್ಕಳ್ಳಿ, ಕರೆಂಟು ತಗಳ್ಳಿ ಅಂತ."

"ನಮಗೇ ಸಾಲ ಇಲ್ವೇನೇ?"

"ಐತೆ. ನಾವೂ ತಗಂಡಿದೀವಿ."

ಇದು ನನಗೆ ಹೊಸದು. ಒಂದು ಕೈಯಲ್ಲಿ ಈಸಿಕೊಳ್ಳುವುದು, ಇನ್ನೊಂದು ಕೈಯಲ್ಲಿ ಕೊಡುವುದು. ನಮ್ಮೂರಿನಲ್ಲಿ ಇದನ್ನು ಮಾಡುವವರನ್ನು ಊರ ಗೌಡ ಅನ್ನುತ್ತಾರೆ. ಒಳಗೆ ಏನೂ ಇಲ್ಲದಿದ್ದರೂ ನಾಲ್ಕು ಜನ ಬಾಗಿಲಿಗೆ ಬರಬೇಕಲ್ಲ!

"ಕೊಡ್ಲಿಲ್ಲ ಅಂದ್ರೆ ಪೊಲೀಸ್ನೋರ್ನ ಕಳಿಸ್ತಾರಾ?"

"ದೇಶಕ್ಕೆ ಯಾವ ಪೊಲೀಸ್ ಅಜ್ಜಿ!"

"ಜಪ್ತಿ?"

"ಯಾವುದ್ನ ಜಪ್ತಿ ಮಾಡ್ತಾರೆ? ಗುಡ್ಡ, ಹೊಳೆ, ಜನ ಎತ್ಕಂಡು ಬರಕ್ಕಾಗ್ತೈತಾ?"

"ಮತ್ತೇನ್ ಮಾಡ್ತಾರೆ?"

ಮಮತಾ ಪುಟ ತಿರುಗಿಸಿದಳು. "ಗಡುವು ಮುಂದೆ ಹಾಕ್ತಾರೆ. ಬಡ್ಡಿ ಕಡಿಮೆ ಮಾಡ್ತಾರೆ. ಒಂದೊಂದ್ಸಲ ಬಿಟ್ಟುಬಿಡ್ತಾರೆ. ಒಂದೊಂದ್ಸಲ ಹಳೇ ಸಾಲ ತೀರಿಸ್ಕಳ್ಳಿ ಅಂತ ಹೊಸ ಸಾಲ ಕೊಡ್ತಾರೆ."

ನನ್ನ ಮುಂದಿನ ಸೀಟಿನವರು ತಿರುಗಿ ನೋಡಿದರು. ಯಾವ ಬ್ಯಾಂಕು ಅಂತ ಕೇಳುವ ಮುಖ ಇತ್ತು.

ನನ್ನ ಲೆಕ್ಕದಲ್ಲಿ ನಾನು ಹೊರಟಿದ್ದೂ ಅಂಥದ್ದೇ ವಸೂಲಿಗೆ. ಒಂದು ಊರು ಇನ್ನೊಂದು ಊರಿಗೆ ಕೊಟ್ಟ ಸಾಲ. ಪೊಲೀಸಿಲ್ಲ, ಜಪ್ತಿ ಇಲ್ಲ. ಜೋರು ಮಾಡಿದರೆ ಅಲ್ಲಿರುವ ಮಗಳಿಗೆ ಏಟು. ನನ್ನ ಹತ್ತಿರ ಇದ್ದ ಆಯುಧ ಒಂದೇ, ನನ್ನ ಅತ್ತೆ ಹೇಳಿಕೊಟ್ಟದ್ದು: ಕೇಳುವುದಕ್ಕೆ ಹೋದ ಮನೆಯಲ್ಲಿ ನೀರೂ ಕುಡಿಯಬೇಡ. ಉಂಡರೆ ನಾಲಿಗೆ ಕೂತುಬಿಡುತ್ತದೆ. ಉಂಡವರು ಕೇಳಬಾರದು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬೀಗರು ಜಗಲಿ ಮೇಲೆ ಉಪವಾಸ ಕೂತಿದ್ದರೆ ಆ ಮನೆಯ ಯಜಮಾನಿಯೂ ಉಣ್ಣುವಂತಿಲ್ಲ.

ಓಬಕ್ಕನಿಗೂ ಇದು ಗೊತ್ತು. ನಾವು ಬರುವ ಸುದ್ದಿಯೂ ಮುಟ್ಟಿತ್ತು. ಅದಕ್ಕೇ ಹೋಳಿಗೆ ಮಾಡಿಸಿದ್ದಳು. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಮಂಗಳವಾರ ಹೋಳಿಗೆ! ಇದು ವಾಪಸ್ ಕೊಡುವ ಮನೆಯ ಅಡುಗೆ ಅಲ್ಲ ಅಂತ ಬಾಗಿಲಲ್ಲೇ ಗೊತ್ತಾಯಿತು.

"ರಾ ವದಿನಾ, ರಾ!" ಅಂದಳು. (ಆ ಕಡೆ ಮಾತಿನಲ್ಲಿ ಅರ್ಧ ತೆಲುಗು. ವದಿನ ಅಂದರೆ ಅತ್ತಿಗೆ.) "ಒಳಗೆ ಬಾ, ಕಾಲು ತೊಳ್ಕಾ, ಉಣ್ಣು."

"ಜಗಲಿ ಚೆನ್ನಾಗೈತೆ. ಮಿಷನ್ ಎಲ್ಲೈತೆ ಓಬಕ್ಕ?"

"ಮೊದಲು ಮಜ್ಜಿಗೆ."

"ಮೊದಲು ಮಿಷನ್."

ಮಗಳು ಸುಜಾತಾ ಬಂದು ಮಮತಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನು ತಡೆಯಲಿಲ್ಲ. ಅದು ತಪ್ಪಾಯಿತು.

ಓಬಕ್ಕ ಶುರು ಮಾಡಿದಳು. "ನೋಡು ವದಿನಾ, ಆ ಮಿಷನ್ ಈಸ್ಕಂಡಿದ್ದು ಹಳೇ ಅಧ್ಯಕ್ಷೆ. ನಾನು ಆಮೇಲೆ ಬಂದೋಳು. ಅವಳು ಏನು ಮಾತು ಕೊಟ್ಟಿದ್ಲೋ ನನಗೇನು ಗೊತ್ತು?"

"ಹಳೇ ಅಧ್ಯಕ್ಷೆ ಯಾರು?"

"ನನ್ನ ಓರಗಿತ್ತಿ."

"ಎಲ್ಲವ್ಳೆ?"

"ಹಿಂದಿನ ಮನೇಲಿ. ಅವಳಿಗೂ ನನಗೂ ಮಾತಿಲ್ಲ."

ಸರಿ ಅಂತ ಎದ್ದು ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಮೂಲೆಯಲ್ಲಿ ನಮ್ಮ ಮಿಷನ್. ಅದರ ತೊಟ್ಟಿಯಲ್ಲಿ ಹುಲ್ಲು. ಹುಲ್ಲಿನ ಮೇಲೆ ಒಂದು ಕೆಂಪು ಹೇಂಟೆ, ರೆಕ್ಕೆ ಹರಡಿಕೊಂಡು ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಗುರ್ ಅಂದಿತು.

"ಕೋಳಿ ಕಾವಿಗೆ ಕೂತೈತಲ್ಲ," ಓಬಕ್ಕ ಹಿಂದೆಯೇ ಬಂದಳು. "ಎಬ್ಬಿಸಬಾರ್ದು. ಇನ್ನು ಹತ್ತು ದಿನ ತಾಳು. ಮರಿ ಆದ್ಮೇಲೆ ನಾನೇ ಕಳಿಸ್ತೀನಿ. ಮಿಷನ್ ಬಂದಿದ್ದು ಅವಳ ಕಾಲದಾಗೆ ಆದ್ರೂ ಕೋಳಿ ಕೂತಿದ್ದು ನನ್ನ ಕಾಲದಾಗೆ. ಅದರ ಪಾಪ ನನಗೆ ಬರ್ತೈತೆ."

ಅಡುಗೆಮನೆ ಕಿಟಕಿಯಿಂದ ಮಮತಾಳ ತಲೆ ಕಾಣಿಸಿತು. "ಅಜ್ಜೀ, ಇದನ್ನೇ ಗ್ರೇಸ್ ಪೀರಿಯಡ್ ಅನ್ನೋದು!"

ಮಳೆಗೆ ಇಂಗ್ಲಿಷ್ ಬರುತ್ತಾ? ಹತ್ತು ದಿನ ಬಿಟ್ಟು ಬೀಳು ಅಂತ ಯಾರು ಹೇಳುತ್ತಾರೆ? ನಾನು ಮತ್ತೆ ಜಗಲಿಗೆ ಬಂದು ಕೂತೆ. ಓಬಕ್ಕ ಎದುರಿಗೆ ಕೂತಳು. ಮಧ್ಯೆ ಮಜ್ಜಿಗೆ ಚೊಂಬು.

ಹನ್ನೆರಡಾಯಿತು. ಒಂದಾಯಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋದರು. ಒಬ್ಬಳು "ಏನು, ಬೀಗ್ತೇರು ಫೋಟೋಕ್ಕೆ ಕೂತೀರಾ?" ಅಂದಳು. ಎರಡಾಯಿತು. ನನಗೆ ಹಸಿವು ಅಭ್ಯಾಸ ಇದೆ, ಗೆಲ್ಲುತ್ತೇನೆ ಅಂತ ಧೈರ್ಯ ಬಂತು.

ಆಗ ಓಬಕ್ಕನ ಹಣೆ ನೋಡಿದೆ. ಬೆವರು. ಸೆರಗಿನಲ್ಲಿ ಒರೆಸಿಕೊಂಡಷ್ಟೂ ಮತ್ತೆ ಬರುತ್ತಿತ್ತು.

"ಏನೇ ಓಬಕ್ಕ?"

"ಏನಿಲ್ಲ. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದೀನಿ."

"ನುಂಗಿ ಉಂಡಿಲ್ವಾ? ಹೋಗಿ ಉಣ್ಣು!"

"ನೀನು ಉಣ್ಣದೆ ನಾನು ಹೆಂಗೆ ಉಣ್ಣಲಿ?"

"ಉಣ್ಣೇ ಅಂದ್ರೆ!"

"ಬೀಗ್ತಿನ ಉಪವಾಸ ಕೆಡವಿ ಉಂಡೋಳು ಅನ್ನಿಸ್ಕಳ್ಳಲ್ಲ ನಾನು."

ನೋಡಿ ನನ್ನ ಅವಸ್ಥೆ. ನಾನು ಪಟ್ಟು ಹಿಡಿದರೆ ಸಾಲಗಾರಳೇ ಬಿದ್ದುಹೋಗುತ್ತಾಳೆ. ಬಿದ್ದರೆ ಆಸ್ಪತ್ರೆ, ಮಗಳ ಮನೆಯಲ್ಲಿ ರಂಪ, ಮಿಷನ್ ಮಾತು ಇನ್ನೊಂದು ವರ್ಷ ಎತ್ತುವ ಹಾಗಿಲ್ಲ. ದೊಡ್ಡ ದೇಶಗಳು ಸಾಲವನ್ನು ಯಾಕೆ ಬಿಟ್ಟುಬಿಡುತ್ತವೆ ಅನ್ನುವುದು ಆ ಗಳಿಗೆಯಲ್ಲಿ ಅರ್ಥವಾಯಿತು. ಕರುಣೆಯಿಂದಲ್ಲ ಸ್ವಾಮಿ. ಬಿದ್ದವನಿಂದ ಏನೂ ಹುಟ್ಟುವುದಿಲ್ಲ ಅಂತ.

"ಸುಜಾತಾ, ಎರಡು ತಟ್ಟೆ ಹಾಕವ್ವ," ಅಂದೆ.

ಉಂಡೆವು. ಓಬಕ್ಕ ಮೊದಲು ಮುದ್ದೆ ಸಾರು ಉಂಡಳು, ಬೆವರು ಆರಿತು. ನಾನು ಮೂರು ಹೋಳಿಗೆ ತಿಂದೆ. ಸೋತ ಮೇಲೆ ಒಂದಾದರೇನು, ಮೂರಾದರೇನು? ತುಪ್ಪ ಚೆನ್ನಾಗಿತ್ತು.

ಎಲೆ ಅಡಿಕೆ ಹಾಕಿಕೊಂಡು ಓಬಕ್ಕ ಆರಾಮಾಗಿ ಒರಗಿ ಕೂತಳು. "ಈಗ ಹೇಳು ವದಿನಾ. ಏನು ಬಂದಿದ್ದು?"

ಕಳ್ಳಿ! ನನಗೆ ನಾಲಿಗೆ ಏಳಲಿಲ್ಲ. "ಸುಮ್ನೆ, ನಿಮ್ಮನ್ನೆಲ್ಲ ನೋಡ್ಕಂಡು ಹೋಗಣ ಅಂತ," ಅಂದೆ.

ಮೊಮ್ಮಗಳನ್ನಾದರೂ ಮುಂದೆ ಬಿಡೋಣ ಅಂತ ತಿರುಗಿದೆ. ಅವಳ ತುಟಿ ತುಪ್ಪದಲ್ಲಿ ಹೊಳೆಯುತ್ತಿತ್ತು.

"ನೀನೂ ಉಂಡ್ಯೇನೇ?"

"ಹನ್ನೊಂದು ಗಂಟೆಗೇ ಅಜ್ಜಿ. ಎರಡು ತಿಂದೆ. ಸುಜಾತತ್ತೆ ಬಿಸಿ ಬಿಸಿ ಕೊಟ್ರು."

ಮುಗಿಯಿತು. ನಮ್ಮೂರಿನ ಕಡೆ ಕೇಳುವ ಬಾಯಿ ಯಾವುದೂ ಉಳಿದಿರಲಿಲ್ಲ.

ಆಗ ಸುಜಾತಾ ಬಾಗಿಲಿಗೆ ಬಂದಳು. ಕೈಯಲ್ಲಿ ಬರೀ ತಟ್ಟೆ.

"ಅತ್ತೆ, ನಾನಿನ್ನೂ ಉಂಡಿಲ್ಲ," ಅಂದಳು ಓಬಕ್ಕನಿಗೆ.

"ಉಣ್ಣು ಹೋಗು. ಯಾರು ಬೇಡ ಅಂದ್ರು?"

"ಉಂಡ್ರೆ ಕೇಳಕ್ಕಾಗಲ್ಲ. ಅದಕ್ಕೇ ಮೊದ್ಲು ಕೇಳ್ತೀನಿ. ನಮ್ಮವ್ವನ ಊರಿನ ಮಿಷನ್ ಕೊಟ್ಟು ಕಳಿಸ್ರಿ."

ಓಬಕ್ಕನ ದವಡೆ ಆಡುವುದು ನಿಂತಿತು. "ನೀನು ಯಾವ ಊರಿನೋಳೇ?"

"ಬೀಜ ಬಿಡಿಸೋರ ಊರಿನೋಳು. ಹೋದ ವರ್ಷ ಇಲ್ಲಿ ಆ ಮಿಷನ್ ಆಡಿಸಿದ್ದು ನಾನೇ ಅಲ್ವಾ? ಅದಿಲ್ದಿದ್ರೆ ಬೆರಳು ಏನಾಗ್ತಾವೆ ನನಗೆ ಗೊತ್ತು. ಕೊಡ್ತೀನಿ ಅಂದ್ರೆ ಈಗ ಉಣ್ತೀನಿ. ಇಲ್ಲ ಅಂದ್ರೆ ಇಲ್ಲೇ ಕೂರ್ತೀನಿ. ಸಂಜೆ ಎಮ್ಮೆ ಕರೆಯೋದು, ಮುದ್ದೆ ತಿರುವೋದು ನೀವೇ ನೋಡ್ಕಳ್ರಿ."

ಅಂದವಳೇ ತಟ್ಟೆಯನ್ನು ಪಕ್ಕದಲ್ಲಿಟ್ಟು ಹೊಸ್ತಿಲ ಹತ್ತಿರ ಕೂತೇಬಿಟ್ಟಳು.

ಓಬಕ್ಕ ನನ್ನನ್ನು ನೋಡಿದಳು. ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡಿದಳು. ಎಮ್ಮೆಗೆ ಸುಜಾತಾಳ ಕೈ ಬಿಟ್ಟರೆ ಬೇರೆ ಕೈ ಆಗದು, ಒದೆಯುತ್ತದೆ.

"ಕೋಳಿ?" ಅಂದಳು. ದನಿ ಅರ್ಧಕ್ಕೆ ಇಳಿದಿತ್ತು.

"ಕೋಳಿ ನಾನು ನೋಡ್ಕಂತೀನಿ."

ಸುಜಾತಾ ಎದ್ದು ಕರಿ ಕಂಬಳಿ ತಂದು ಕೋಳಿಯ ಮೇಲೆ ಹೊದಿಸಿದಳು. ಅದು ರಾತ್ರಿ ಆಯಿತು ಅಂದುಕೊಂಡು ತೆಪ್ಪಗಾಯಿತು. ಹುಲ್ಲು, ಮೊಟ್ಟೆ, ಕೋಳಿ ಎಲ್ಲವನ್ನೂ ಒಂದೇ ಸಲಕ್ಕೆ ಬುಟ್ಟಿಗೆ ಇಳಿಸಿದಳು. ಎರಡು ನಿಮಿಷದ ಕೆಲಸ. ಒಂದು ಮೊಟ್ಟೆಯೂ ಒಡೆಯಲಿಲ್ಲ. ಹತ್ತು ದಿನ ತಾಳು ಅನ್ನುವ ಎಲ್ಲಾ ಸಾಲಗಾರರ ಹಿತ್ತಲಲ್ಲೂ ಇಂಥ ಒಂದು ಕೋಳಿ ಕೂತಿರುತ್ತದೆ. ಎತ್ತಿಡುವುದಕ್ಕೆ ಕಂಬಳಿ ತರುವವರು ಇರುವುದಿಲ್ಲ, ಅಷ್ಟೇ.

ಮಿಷನ್ ಬಸ್ಸಿನ ಟಾಪಿಗೆ ಏರಿತು. ಕಂಡಕ್ಟರ್ ಅದಕ್ಕೂ ದುಡ್ಡು ಕೇಳಿದ. ಕೊಟ್ಟೆ. ಕೇಳಿದ ತಕ್ಷಣ ಕೊಡಬೇಕು ಅಂತ ಅವತ್ತು ತಾನೇ ಕಲಿತಿದ್ದೆ.

ಹತ್ತುವ ಮುಂಚೆ ಮಗಳನ್ನು ಕೇಳಿದೆ, "ನಾಳೆ ನಿಮ್ಮತ್ತೆ ಏನಂತಾಳೋ?"

"ನಿನ್ನ ಸೊಸೆ ಹಿಂಗೆ ಮಾಡಿದ್ರೆ ನೀನೇನ್ ಅಂತಿದ್ದೆ ಅವ್ವ?" ಅಂದಳು.

ನಾನು ಏನು ಅನ್ನುತ್ತಿದ್ದೆ ಅಂತ ನನಗೆ ಗೊತ್ತು. ಪೇಪರಿನಲ್ಲಿ ಬರೆಯುವಂಥದ್ದಲ್ಲ.

ದಾರಿಯುದ್ದಕ್ಕೂ ಯೋಚಿಸಿದೆ. ದೇಶದ ಸಾಲ ಕೇಳುವುದಕ್ಕೆ ಯಾರು ಹೋಗುತ್ತಾರೆ? ದೊಡ್ಡವರು ಹೋಗುತ್ತಾರೆ. ಅಲ್ಲಿ ಇಳಿದ ತಕ್ಷಣ ಹಾರ, ಶಾಲು, ಊಟ. ಊಟ ಆದ ಮೇಲೆ ಮಾತುಕತೆ. ಟೀವಿಯವರು ಮಾತುಕತೆ ಸೌಹಾರ್ದವಾಗಿತ್ತು ಅನ್ನುತ್ತಾರೆ. ಇರದೆ ಏನು? ನಾನೂ ಮೂರು ಹೋಳಿಗೆ ಆದ ಮೇಲೆ ಬಹಳ ಸೌಹಾರ್ದವಾಗಿದ್ದೆ. ಕೊಟ್ಟ ದೇಶದಲ್ಲೂ ಈಸಿಕೊಂಡ ದೇಶದಲ್ಲೂ ಎಲ್ಲರೂ ಉಂಡ ಮೇಲೆ ಉಣ್ಣುವವರು ಇದ್ದಾರಲ್ಲ, ಅವರನ್ನು ಆ ಮೀಟಿಂಗಿಗೆ ಯಾರೂ ಕರೆಯುವುದಿಲ್ಲ. ಕರೆದರೆ ಅರ್ಧ ದಿನದಲ್ಲಿ ಮುಗಿಯುತ್ತದೆ.

"ಇದನ್ನ ಪರೀಕ್ಷೇಲಿ ಬರೀಲಾ ಅಜ್ಜಿ?" ಅಂದಳು ಮಮತಾ.

"ಬರಿ. ಮಾರ್ಕ್ಸು ಬರಲ್ಲ."

ಮಳೆ ಗುರುವಾರ ಬಂತು. ಮಿಷನ್ ಮನೆಯಿಂದ ಮನೆಗೆ ಓಡಾಡಿತು. ಶನಿವಾರದ ಹೊತ್ತಿಗೆ ಊರಿನ ಬೀಜವೆಲ್ಲ ಬಿಡಿಸಿ ಆಗಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತೆ. ಸೊಸೆ ಗಂಗಾ ಎಂದಿನ ಹಾಗೆ ಬಡಿಸುವುದಕ್ಕೆ ನಿಂತಿದ್ದಳು. ಅವಳ ಮಗಳು ಮಮತಾ ಮೊಳಕಾಲ್ಮೂರಿನ ಕಥೆಯನ್ನು ಒಂದಕ್ಷರ ಬಿಡದೆ ತಾಯಿಗೆ ಹೇಳಿದ್ದಳು. ಅದು ನನಗೆ ಗೊತ್ತಿರಲಿಲ್ಲ.

"ಗಂಗಾ, ನೀನೂ ತಟ್ಟೆ ಹಾಕ್ಕಳೇ. ಇನ್ಮೇಲೆ ನನ್ನ ಜೊತೇಲೇ ಉಣ್ಣು," ಅಂದೆ.

ಅವಳು ಸಾರಿನ ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕತ್ತೆ," ಅಂದಳು, "ನಾನೇನಾದ್ರೂ ಕೇಳಿಬಿಡ್ತೀನಿ ಅಂತ ಭಯಾನಾ?"