ದೊಡ್ಡವ್ವನ ಸೋಬಾನೆಗೆ ಸೊಲ್ಲು ಸಿಕ್ಕಿತು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಸಾಲಿಗ್ರಾಮದ ನಮ್ಮ ದೊಡ್ಡವ್ವನ ಸೋಬಾನೆ ಪದ ರೇಡಿಯೋದಲ್ಲಿ ಬಂತು. ಮರುಪ್ರಸಾರ ಇಲ್ಲವಂತೆ. ರೇಡಿಯೋದಿಂದ ನೇರ ರೆಕಾರ್ಡ್ ಮಾಡುವ ಕೇಬಲ್ಲಿಗೆ ಯಾಕೆ ದುಡ್ಡು ಎಂದು ಕಂಪ್ಯೂಟರಿನ ಮೈಕನ್ನೇ ರೇಡಿಯೋ ಮುಂದಿಟ್ಟು, "ಯಾರೂ ಉಸಿರೆತ್ತಬೇಡಿ" ಎಂದು ತಾಕೀತು ಮಾಡಿದೆ.

ಮೊದಲ ಸಾಲು ಮುಗಿಯಿತು, ಅಷ್ಟೇ. ಮದುವೆಮನೆಯಲ್ಲಿ ಒಬ್ಬರು ಹಾಡಿದ ಸಾಲನ್ನು ಉಳಿದವರು ತಿರುಗಿ ಹಾಡಿ ಸೊಲ್ಲು ಕೊಡುವುದು ರೂಢಿಯಲ್ಲವೇ? ಅವ್ವ, ಅತ್ತಿಗೆ, ಪಕ್ಕದ ಮನೆಯ ಸಾಕಮ್ಮ ಒಟ್ಟಿಗೆ ದನಿ ಎತ್ತಿದರು. ಪದ ಮುಗಿಯುವವರೆಗೂ ನಿಲ್ಲಿಸಲಿಲ್ಲ.

"ಎಲ್ಲಾ ಕೆಡಿಸ್ಬುಟ್ರಲ್ಲ!" ಎಂದೆ.

ಪಕ್ಕದಲ್ಲೇ ಕೂತು ಕೇಳುತ್ತಿದ್ದ ದೊಡ್ಡವ್ವ ನಕ್ಕಳು. "ಸುಮ್ಕಿರ್ಲಾ. ಆ ರೇಡಿಯೋದೋರ ಗಾಜಿನ ರೂಮಲ್ಲಿ ಸೊಲ್ಲು ಕೊಡೋರಿಲ್ದೆ ಒಬ್ಳೇ ಆಡ್ಬುಟ್ಟು ಬಂದಿದ್ದೆ. ಇವತ್ತು ಪದ ಪೂರ್ತಿ ಆಯ್ತು ಕಣ."

ಮತ್ತೆ ಹಾಕಿ ಕೇಳಿದೆ. ರೇಡಿಯೋದವರ ಹತ್ತಿರ ಇರುವುದು ಒಂದೇ ದನಿ, ನನ್ನ ಹತ್ತಿರ ನಾಲ್ಕು. ಜಿಪುಣತನಕ್ಕೆ ಇಷ್ಟು ಲಾಭ ಬಂದದ್ದು ಇದೇ ಮೊದಲು.